ಮೇಲೆಲ್ಲಾ ಥಳುಕು, ಕೆಳಗೆಲ್ಲಾ ಹುಳುಕು

ಬ್ಲಾಗ್ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದ್ರೆ ಕಳೆದ ಭಾನುವಾರ ನಡೆದ ಒಂದು ಮಾತುಕತೆ ಮೂರು ದಿನ ತಲೆ ತಿಂದು ಕೊನೆಗೆ ಕೀಬೋರ್ಡ್ ಮುಂದೆ ಕೂರಿಸಿಬಿಟ್ಟಿದೆ. ಕಾರು, ಇಂಜಿನ್ನು ಅಂದ್ರೆ ಆಕಳಿಸೋರು ಕೂಡ ದಯವಿಟ್ಟು ಕೊನೇತನಕ ಓದಿ. ಇದರಲ್ಲಿ ಕಾರೇ ಇಲ್ಲದ ಒಬ್ಬರು ಕೈ ಮುರಿದುಕೊಂಡ ಕತೆಯೂ ಇದೆ.

ಗೆಳೆಯರೊಬ್ಬರ ಮನೆ ಗೃಹಪ್ರವೇಶ. ಊಟ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು ಹೊರಗೆ ಬಂದ್ರೆ ಅವರ ಅಕ್ಕನ ಮಗ ತನ್ನ ಕಾರಿನ ಬಾನೆಟ್ ತೆಗೆದು ನಾಲ್ಕು ಜನಕ್ಕೆ ದರ್ಶನ ಮಾಡಿಸ್ತಾ ಇದ್ದ. ಒಂದು ಪುಟ್ಟ ಟರ್ಬೋ ಪೆಟ್ರೋಲ್ ಕಾರು. ಕೆಂಪು ಸಿಲಿಕೋನ್ ಪೈಪು, ಹೊಳೆಯೋ ಏರ್ ಫಿಲ್ಟರು, ಡಬ್ಬದಂಥ ಸೈಲೆನ್ಸರು.

"ಅಂಕಲ್, ಸ್ಟೇಜ್ ಟೂ ಮ್ಯಾಪ್ ಆಯ್ತು. ಪಿಕಪ್ ಸಖತ್ ಇದೆ. ಮುಂದಿನ ತಿಂಗಳು ದೊಡ್ಡ ಟರ್ಬೋ ಹಾಕಿಸ್ತಿದ್ದೀನಿ" ಅಂದ.

"ಸರಿಯಪ್ಪಾ, ಕೆಳಗೇನು ಮಾಡಿಸಿದ್ದೀಯ?" ಅಂದೆ.

ಅವನು ಒಂದು ಕ್ಷಣ ಬಗ್ಗಿ ಕಾರಿನಡಿ ನೋಡಿ, "ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ್ದೀನಿ ಅಂಕಲ್" ಅಂದ! :-)

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಮನೆಗೆ ಬರೋ ದಾರೀಲಿ ನಗು ಇಳಿದುಹೋಯ್ತು. ತಪ್ಪು ಆ ಹುಡುಗನದಲ್ಲ. ಅವನ ಕೈಲಿ ದುಡ್ಡು ತಗೊಂಡವರು ಯಾರೂ ಅವನಿಗೆ "ಕೆಳಗೆ" ಅಂತ ಒಂದು ಇದೆ ಅನ್ನೋದನ್ನೇ ಹೇಳಿಲ್ಲವಲ್ಲ, ಅದು ತಪ್ಪು.

ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಹೇಳ್ತೀನಿ. ಇಂಜಿನ್ನಿನ ಮೇಲ್ಭಾಗದಲ್ಲಿ ಹೆಡ್ಡು, ವಾಲ್ವುಗಳು, ಕ್ಯಾಮ್‌ಶಾಫ್ಟು, ಅದರ ಪಕ್ಕಕ್ಕೆ ಟರ್ಬೋ. ಗಾಳಿ ಒಳಗೆ ಬಿಟ್ಟು ಹೊಗೆ ಹೊರಗೆ ಕಳಿಸೋದು ಇವರ ಕೆಲಸ. ಕೆಳಭಾಗದಲ್ಲಿ ಬ್ಲಾಕು, ಅದರೊಳಗೆ ಪಿಸ್ಟನ್ನು, ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡು, ರಾಡಿನ ಬೋಲ್ಟು, ಎಲ್ಲವನ್ನೂ ತಿರುಗಿಸೋ ಕ್ರ್ಯಾಂಕು, ಕ್ರ್ಯಾಂಕನ್ನು ಹೊತ್ತ ಬೇರಿಂಗು, ಬೇರಿಂಗಿಗೆ ಎಣ್ಣೆ ಕಳಿಸೋ ಆಯಿಲ್ ಪಂಪು. ಇದಕ್ಕೇ ಬಾಟಮ್ ಎಂಡ್ ಅನ್ನೋದು. ಶಕ್ತಿ ಹುಟ್ಟೋದು ಮೇಲೆ, ಅದನ್ನ ಹೊರೋದು ಕೆಳಗೆ. ಮೇಲಿನದನ್ನ ಬಾನೆಟ್ ತೆಗೆದು ತೋರಿಸಬಹುದು. ಕೆಳಗಿನದನ್ನ ತೋರಿಸೋಕೆ ಆಗಲ್ಲ. ನಮ್ಮ ಟ್ಯೂನಿಂಗ್ ವ್ಯಾಪಾರದ ಅಷ್ಟೂ ರೋಗದ ಮೂಲ ಇದೇ ನೋಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು.

ನನ್ನ ವಾದ ಇಷ್ಟೇ. ಶಕ್ತಿ ಹೆಚ್ಚಿಸೋ ಮನಸ್ಸಿದ್ರೆ ಕೆಳಗಿಂದ ಶುರು ಮಾಡಿ. ಅದಕ್ಕೆ ದುಡ್ಡಿಲ್ಲ ಅಂದ್ರೆ ಮೇಲಿನದನ್ನೂ ಮುಟ್ಟಬೇಡಿ. ಮತ್ತೆ, ಕೆಳಗೆ ಗಟ್ಟಿ ಮಾಡಿಸೋದು ಅಂದ್ರೆ ದುಬಾರಿ ಪಾರ್ಟ್ಸ್ ತರಿಸಿ ಒಳಗೆ ತುಂಬೋದು ಅಂದುಕೊಂಡಿದ್ರೆ ಅದೂ ಅರ್ಧ ಸುಳ್ಳೇ. ಅರ್ಧಕ್ಕಿಂತ ಹೆಚ್ಚು ಕೆಲಸ ಅಳತೆಯದು.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ. ಪಿಸ್ಟನ್ನು, ಪಿನ್ನು, ರಾಡಿನ ಮೇಲ್ತುದಿ ಎಲ್ಲಾ ಸೇರಿ ಅರ್ಧ ಕೇಜಿ ಅಂತಿಟ್ಟುಕೊಳ್ಳಿ. ಸ್ಟ್ರೋಕ್ 86 ಮಿ.ಮೀ., ರಾಡಿನ ಉದ್ದ 142 ಮಿ.ಮೀ. ಇಂಜಿನ್ನು 6000 ಆರ್‌ಪಿಎಂನಲ್ಲಿ ತಿರುಗ್ತಾ ಇದ್ರೆ, ಪಿಸ್ಟನ್ನು ತುತ್ತತುದಿಗೆ ಹೋಗಿ ವಾಪಸ್ ತಿರುಗೋ ಕ್ಷಣದಲ್ಲಿ ಆ ಅರ್ಧ ಕೇಜಿ ರಾಡನ್ನು ಎಳೆಯೋದು ಸುಮಾರು 1100 ಕೇಜಿ ಭಾರದ ಬಲದಲ್ಲಿ! 8000 ಆರ್‌ಪಿಎಂಗೆ ಹೋದ್ರೆ ಅದು 2000 ಕೇಜಿ ಆಗುತ್ತೆ. ವೇಗ ಹೆಚ್ಚಿದ್ದು ಮೂರನೇ ಒಂದು ಭಾಗ, ಎಳೆತ ಹೆಚ್ಚಿದ್ದು ಮುಕ್ಕಾಲು ಭಾಗಕ್ಕಿಂತ ಜಾಸ್ತಿ, ಯಾಕಂದ್ರೆ ಅದು ವೇಗದ ವರ್ಗದಂತೆ ಏರುತ್ತೆ. ಹೊಗೆ ಹೊರಗೆ ಹಾಕೋ ಸ್ಟ್ರೋಕಿನ ಕೊನೇಲಂತೂ ಪಿಸ್ಟನ್ನಿನ ಮೇಲೆ ಒತ್ತಡದ ದಿಂಬೂ ಇರಲ್ಲ, ಅಷ್ಟೂ ಎಳೆತ ಬೀಳೋದು ರಾಡಿನ ಎರಡು ಬೋಲ್ಟುಗಳ ಮೇಲೆ.

ಇದು ಎಳೆತ. ಇನ್ನು ತಳ್ಳುವಿಕೆ. ಟರ್ಬೋ ಇಂಜಿನ್ನಲ್ಲಿ ಸಿಲಿಂಡರಿನ ಒತ್ತಡ 100 ಬಾರ್ ಮುಟ್ಟಿದ್ರೆ, 86 ಮಿ.ಮೀ. ಬೋರಿನ ಪಿಸ್ಟನ್ನಿನ ಮೇಲೆ ಬೀಳೋದು ಹತ್ತಿರ ಹತ್ತಿರ ಆರು ಟನ್ ಭಾರ. ಇದು ರಾಡನ್ನು ಬಗ್ಗಿಸೋಕೆ ನೋಡುತ್ತೆ.

ಅಂದ್ರೆ ಆರ್‌ಪಿಎಂ ಎಳೆದು ಕೊಲ್ಲುತ್ತೆ, ಬೂಸ್ಟು ಒತ್ತಿ ಕೊಲ್ಲುತ್ತೆ. ಎರಡೂ ಬೇರೆ ಬೇರೆ ಕಾಯಿಲೆ, ಎರಡಕ್ಕೂ ಬೇರೆ ಬೇರೆ ಮದ್ದು. 8000 ತಿರುಗಿಸೋ ಟರ್ಬೋ ಇಲ್ಲದ ಇಂಜಿನ್ನಿಗೆ ಹಗುರವಾದ ಪಿಸ್ಟನ್ನು, ಒಳ್ಳೇ ರಾಡ್ ಬೋಲ್ಟು ಮೊದಲು ಬೇಕು. ಕಡಿಮೆ ಆರ್‌ಪಿಎಂನಲ್ಲೇ ಭಾರೀ ಟಾರ್ಕ್ ಕೊಡೋ ಟರ್ಬೋ ಇಂಜಿನ್ನಿಗೆ ಬಗ್ಗದ ರಾಡು, ಒಡೆಯದ ಪಿಸ್ಟನ್ನು ಮೊದಲು ಬೇಕು. "ಎಷ್ಟು ಬಿಎಚ್‌ಪಿ ಬೇಕು ಸಾರ್?" ಅಂತ ಕೇಳೋ ಅಂಗಡಿಯವರು "ಯಾವ ಆರ್‌ಪಿಎಂನಲ್ಲಿ?" ಅಂತ ಕೇಳದಿದ್ರೆ ಅಲ್ಲಿಂದ ಎದ್ದು ಬನ್ನಿ.

ಈಗ ಕೈ ಮುರಿದ ಕತೆ.

ನನ್ನ ಚಿಕ್ಕಪ್ಪನ ಮಗನ ಹತ್ರ ಇದ್ದದ್ದೂ ಇಂಥದ್ದೇ ಸಣ್ಣ ಟರ್ಬೋ ಪೆಟ್ರೋಲ್ ಕಾರು, ಮೂರು ಸಿಲಿಂಡರಿನದು. ಒಂದು ಅಂಗಡೀಲಿ (ಹೆಸರು ಬೇಡ ಬಿಡಿ) ರೀಮ್ಯಾಪ್ ಮಾಡಿಸಿದ. 170 ಎನ್‌ಎಂ ಇದ್ದ ಟಾರ್ಕ್ 230 ಆಯ್ತು ಅಂತ ಗ್ರಾಫ್ ಪ್ರಿಂಟ್ ಹಾಕಿ ಕೊಟ್ರು. ಅವನು ಅದನ್ನ ಲ್ಯಾಮಿನೇಟ್ ಮಾಡಿಸಿ ಗ್ಲೋವ್ ಬಾಕ್ಸಲ್ಲಿ ಇಟ್ಕೊಂಡಿದ್ದ! ಆರು ತಿಂಗಳು ಚೆನ್ನಾಗೇ ಓಡಿಸಿದ. ಒಂದಿನ ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರೋವಾಗ ಶಿರಾಡಿ ಘಾಟಿ ಏರ್ತಾ ಇದ್ವಿ. ನಾನು ಪಕ್ಕದ ಸೀಟಲ್ಲಿದ್ದೆ. ನಾಲ್ಕನೇ ಗೇರು, 1800 ಆರ್‌ಪಿಎಂ ಇರಬಹುದು, ಆಕ್ಸಿಲರೇಟರ್ ಪೂರ್ತಿ ತುಳಿದಿದ್ದ. "ಗೇರ್ ಇಳಿಸೋ" ಅಂದೆ. "ಬೇಡ ಅಣ್ಣ, ಟಾರ್ಕ್ ನೋಡು, ಹೆಂಗೆ ಎಳೀತದೆ" ಅಂದ.

ಕಲ್ಲು ಹೊಡೆದಂಥ ಒಂದು ಸದ್ದು. ಆಮೇಲೆ ಕಬ್ಬಿಣದ ಡಬ್ಬಕ್ಕೆ ಮೊಳೆ ತುಂಬಿ ಅಲ್ಲಾಡಿಸಿದ ಹಾಗೆ. ಹಿಂದೆ ನೋಡಿದ್ರೆ ಬರೀ ಬಿಳಿ ಹೊಗೆ. ರಾಡು ಮುರಿದು ಬ್ಲಾಕಿಗೆ ಅಂಗೈ ಅಗಲದ ಕಿಟಕಿ ಮಾಡಿ ಹೊರಗೆ ಇಣುಕಿತ್ತು. ಮೂರು ಲೀಟರಿಗೂ ಹೆಚ್ಚು ಬಿಸಿ ಎಣ್ಣೆ ತಿರುವಿನಲ್ಲಿ ರಸ್ತೆ ಮೇಲೆ. ನಮ್ಮ ಹಿಂದೆ ಸ್ಕೂಟರಲ್ಲಿ ಗಂಡ ಹೆಂಡತಿ ಬರ್ತಿದ್ರು. ಎಣ್ಣೆ ಮೇಲೆ ಚಕ್ರ ಹತ್ತಿದ್ದೇ ತಡ, ಜಾರಿ ಬಿದ್ರು. ಆ ಮನುಷ್ಯನ ಮುಂಗೈ ಎರಡು ಕಡೆ ಮುರೀತು. ಹಿಂದೆ ಬರ್ತಿದ್ದ ಲಾರಿಯವರು ಸಮಯಕ್ಕೆ ಬ್ರೇಕ್ ಹಾಕದೇ ಇದ್ದಿದ್ರೆ... ಅದನ್ನ ಈಗಲೂ ಯೋಚಿಸೋಕೆ ಇಷ್ಟ ಇಲ್ಲ. ಅವರು ಗಾರೆ ಕೆಲಸದವರು. ಮೂರು ತಿಂಗಳು ಕೆಲಸ ಇಲ್ಲ. ಆಸ್ಪತ್ರೆ ಖರ್ಚು ನಾವೇ ಕೊಟ್ವಿ, ಆದ್ರೆ ಖರ್ಚು ಕೊಟ್ಟ ಮಾತ್ರಕ್ಕೆ ಆಯ್ತಾ?

ಆಮೇಲೆ ಇಂಜಿನ್ನು ಬಿಚ್ಚಿಸಿ ನೋಡಿದಾಗ ನನಗೆ ಹೊಟ್ಟೆ ಉರಿದದ್ದು ಮುರಿದ ರಾಡು ನೋಡಿ ಅಲ್ಲ. ಉಳಿದ ಎರಡು ನೋಡಿ. ಅವೂ ಬಗ್ಗಿದ್ವು. ಬಗ್ಗಿದ ರಾಡು ಗಿಡ್ಡ ಆಗಿರುತ್ತೆ, ಹಾಗಾಗಿ ಪಿಸ್ಟನ್ನು ಮೇಲ್ತುದಿಗೆ ಬಂದಾಗ ಇರಬೇಕಾದ್ದಕ್ಕಿಂತ ಕೆಳಗೇ ನಿಲ್ಲುತ್ತೆ. ಡೆಪ್ತ್ ಗೇಜ್ ಇಟ್ಟು ನೋಡಿದ್ರೆ ಹತ್ತಿರ ಅರ್ಧ ಮಿಲಿಮೀಟರ್ ವ್ಯತ್ಯಾಸ. ಅಂದ್ರೆ ಆ ಇಂಜಿನ್ನು ಅವತ್ತು ಘಾಟಿಯಲ್ಲಿ ಸತ್ತಿದ್ದಲ್ಲ, ಎಷ್ಟೋ ದಿನದಿಂದ ಸಾಯ್ತಾ ಇತ್ತು. ಲ್ಯಾಮಿನೇಟ್ ಮಾಡಿಸಿದ ಗ್ರಾಫಲ್ಲಿ ಇದಕ್ಕೊಂದು ಗೆರೆ ಇರಲಿಲ್ಲ. ಡೈನೋ ಮೆಷಿನ್ನು ಆ ಹೊತ್ತಿನ ಶಕ್ತಿ ಹೇಳುತ್ತೆ. ಆಯಸ್ಸು ಹೇಳಲ್ಲ.

ಅಂಗಡಿಯವರನ್ನ ಕೇಳಿದ್ರೆ ಒಂದೇ ಮಾತು: "ಸಾರ್, ಕಂಪನಿಯವರು ಮಾರ್ಜಿನ್ ಇಟ್ಟಿರ್ತಾರೆ, ನಾವು ಅದನ್ನೇ ಬಳಸಿಕೊಳ್ಳೋದು."

ಹೌದು ಸ್ವಾಮಿ, ಇಟ್ಟಿರ್ತಾರೆ. ಯಾಕೆ ಇಟ್ಟಿರ್ತಾರೆ? ಕಲಬೆರಕೆ ಪೆಟ್ರೋಲಿಗೆ, ರಾಯಚೂರಿನ ಮೇ ತಿಂಗಳ ಬಿಸಿಲಿಗೆ, ಐದು ಜನ ಕೂತು ಘಾಟಿ ಹತ್ತೋದಕ್ಕೆ, ಸರ್ವಿಸ್ ತಪ್ಪಿಸೋ ಮಾಲೀಕನಿಗೆ, ಎರಡು ಲಕ್ಷ ಕಿಲೋಮೀಟರಿಗೆ. ಅದು ಕಷ್ಟಕಾಲಕ್ಕೆ ಅಂತ ಎತ್ತಿಟ್ಟ ದುಡ್ಡು. ಅದನ್ನ ತೆಗೆದು ಪಟಾಕಿ ಹೊಡೆದು, "ನೋಡಿ, ನಿಮ್ಮ ಮನೇಲಿ ದುಡ್ಡಿತ್ತು, ನಾನು ಹುಡುಕಿಕೊಟ್ಟೆ" ಅಂತ ಫೀಸು ತಗೊಳ್ಳೋದು ಯಾವ ಸೀಮೆ ವಿದ್ಯೆ? ಸಣ್ಣ ಡೈರೆಕ್ಟ್ ಇಂಜೆಕ್ಷನ್ ಟರ್ಬೋ ಇಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂ, ಹೆಚ್ಚು ಲೋಡಿನಲ್ಲಿ ಇಂಧನ ಕಿಡಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯೋ ಸಮಸ್ಯೆಗೆ ಅಂತಲೇ 2018ರಲ್ಲಿ ಎಪಿಐ 'ಎಸ್‌ಎನ್ ಪ್ಲಸ್' ಅನ್ನೋ ಹೊಸ ಆಯಿಲ್ ದರ್ಜೆ ತಂತು, 2020ರಲ್ಲಿ 'ಎಸ್‌ಪಿ' ಬಂತು. ಬದಲಾಯಿಸದ ಇಂಜಿನ್ನಿಗೇ ಇಷ್ಟು ಎಚ್ಚರ ಬೇಕಾಗಿರೋವಾಗ, ಅದೇ 1800 ಆರ್‌ಪಿಎಂನಲ್ಲಿ ಇನ್ನೂ 60 ಎನ್‌ಎಂ ತುರುಕೋರಿಗೆ ಏನು ಹೇಳೋಣ?

ಎರಡನೇ ವಾದ, ಇದು ಇಂಟರ್ನೆಟ್ ಪಂಡಿತರದು. "ಸುಪ್ರಾ ನೋಡಿ, 2ಜೆಜೆಡ್ ನೋಡಿ, ಕೆಳಗೆ ಏನೂ ಮುಟ್ಟದೆ ಎರಡು ಪಟ್ಟು ಶಕ್ತಿ ತೆಗೀತಾರೆ!" ತೆಗೀತಾರೆ, ನಿಜ. ಯಾಕೆ ಆಗುತ್ತೆ ಅಂತ ಯಾರಾದ್ರೂ ಯೋಚಿಸಿದ್ದೀರಾ? 1990ರ ದಶಕದ ಆ 2997 ಸಿಸಿ ಇಂಜಿನ್ನಿಗೆ ಟೊಯೋಟಾದವರೇ ಎರಕದ ಕಬ್ಬಿಣದ ಬ್ಲಾಕು, ಫೋರ್ಜ್ ಮಾಡಿದ ಕ್ರ್ಯಾಂಕು, ಏಳು ಮೇನ್ ಬೇರಿಂಗು, ಪಿಸ್ಟನ್ನಿನ ಕೆಳಗೆ ಎಣ್ಣೆ ಚಿಮ್ಮಿಸೋ ನಳಿಗೆ ಎಲ್ಲಾ ಕೊಟ್ಟು, ಜಪಾನಿನಲ್ಲಿ ಕಾಗದದ ಮೇಲೆ 280 ಪಿಎಸ್ ಅಂತ ಬರೆದು ಮಾರಿದ್ರು. ಕೆಳಗಿನ ಕೆಲಸ ಕಾರ್ಖಾನೆಯಲ್ಲೇ ಮುಗಿದಿತ್ತು. ಅದು ನನ್ನ ವಾದಕ್ಕೆ ಸಾಕ್ಷಿ, ನಿಮ್ಮದಕ್ಕಲ್ಲ. ಅದನ್ನ ತೋರಿಸಿ ಮೂರು ಸಿಲಿಂಡರಿನ ಪೇಟೆ ಕಾರಿಗೆ ದೊಡ್ಡ ಟರ್ಬೋ ಕಟ್ಟೋದು, ಪಕ್ಕದ ಮನೆ ಪೈಲ್ವಾನ ನೂರು ಕೇಜಿ ಮೂಟೆ ಎತ್ತಿದ ಅಂತ ನಮ್ಮ ಮಗುವಿನ ಬೆನ್ನಿಗೆ ಮೂಟೆ ಹೊರಿಸಿದ ಹಾಗೆ.

ಇನ್ನೂ ಹಳೇ ಸಾಕ್ಷಿ ಬೇಕಾ? 1983ರಲ್ಲಿ ನೆಲ್ಸನ್ ಪಿಕೆ ಬ್ರಾಬಮ್ ಕಾರಿನಲ್ಲಿ ಫಾರ್ಮುಲಾ ಒನ್ ಪ್ರಶಸ್ತಿ ಗೆದ್ದ, ಟರ್ಬೋ ಇಂಜಿನ್ನಿಗೆ ಸಿಕ್ಕ ಮೊದಲ ಚಾಲಕ ಪ್ರಶಸ್ತಿ ಅದು. ಆ ಬಿಎಂಡಬ್ಲ್ಯು ಇಂಜಿನ್ನು ಬರೀ ಒಂದೂವರೆ ಲೀಟರಿನದು, ನಾಲ್ಕು ಸಿಲಿಂಡರು. ಅದರ ಬ್ಲಾಕು ಬಂದಿದ್ದು 1960ರ ದಶಕದ ಆರಂಭದಲ್ಲಿ ಸಾಮಾನ್ಯ ಸಂಸಾರದ ಕಾರಿಗೆ ಅಂತ ಮಾಡಿದ ಎಂ10 ಇಂಜಿನ್ನಿನಿಂದ. ಎರಕದ ಕಬ್ಬಿಣ, ಐದು ಮೇನ್ ಬೇರಿಂಗು. ಇಪ್ಪತ್ತು ವರ್ಷ ಹಿಂದೆ ಯಾರೋ ಪುಣ್ಯಾತ್ಮರು ಕೆಳಗೆ ಗಟ್ಟಿ ಕೊಟ್ಟಿದ್ರು, ಮಕ್ಕಳು ಮೇಲೆ ಗೋಪುರ ಕಟ್ಟಿದ್ರು. ಹಾಗಿದ್ದೂ ಅವರ ಅರ್ಹತಾ ಸುತ್ತಿನ ಇಂಜಿನ್ನುಗಳು ಕೆಲವೇ ಸುತ್ತಿಗೆ ಮುಗಿದುಹೋಗ್ತಿದ್ವು. ವ್ಯತ್ಯಾಸ ಏನಂದ್ರೆ ಅವರಿಗೆ ಅದು ಮೊದಲೇ ಗೊತ್ತಿತ್ತು, ಶಿರಾಡಿ ಘಾಟಿಯಲ್ಲಿ ಗೊತ್ತಾಗಲಿಲ್ಲ.

ಇನ್ನು ಮೂರನೇ ಗುಂಪು. ಇವರ ಮೇಲೆ ನನಗೆ ಸಿಟ್ಟು ಇನ್ನೂ ಜಾಸ್ತಿ, ಯಾಕಂದ್ರೆ ಇವರು ಅರ್ಧ ತಿಳಿದವರು. "ಫೋರ್ಜ್ಡ್ ಪಿಸ್ಟನ್, ಫೋರ್ಜ್ಡ್ ರಾಡ್ ಹಾಕಿಸಿದ್ದೀನಿ, ಇನ್ನು ಯೋಚನೆ ಇಲ್ಲ" ಅನ್ನೋರು. ಡಬ್ಬ ಬಿಚ್ಚಿ, ಒಳಗೆ ಹಾಕಿ, ಮುಚ್ಚಿದ್ರೆ ಬಾಟಮ್ ಎಂಡ್ ಗಟ್ಟಿ ಆಗಲ್ಲ ಕಣ್ರೀ.

ಪಿಸ್ಟನ್ನನ್ನೇ ತಗೊಳ್ಳಿ. ಫೋರ್ಜ್ಡ್ ಪಿಸ್ಟನ್ನಲ್ಲಿ ಸಾಮಾನ್ಯವಾಗಿ ಎರಡು ಲೋಹ: 4032, 2618. ಮೊದಲನೆಯದರಲ್ಲಿ ಸಿಲಿಕಾನ್ ಹೆಚ್ಚು, ಕಾದಾಗ ಕಡಿಮೆ ಹಿಗ್ಗುತ್ತೆ. ಎರಡನೆಯದು ಏಟು ತಡೆಯುತ್ತೆ, ಆದ್ರೆ ಹೆಚ್ಚು ಹಿಗ್ಗುತ್ತೆ, ಅದಕ್ಕೇ ಸಿಲಿಂಡರಿನ ಗೋಡೆಗೂ ಅದಕ್ಕೂ ಹೆಚ್ಚು ಜಾಗ ಬಿಡಬೇಕು. ಹಳೇ ಅಳತೆಗೇ ಬೋರ್ ಮಾಡಿ 2618 ಹಾಕಿದ್ರೆ ಬಿಸಿಯಾದಾಗ ಕಚ್ಚಿಕೊಂಡು ಸೀಜ್ ಆಗುತ್ತೆ.

ಪಿಸ್ಟನ್ ರಿಂಗಿನ ಬಾಯಿ ಇನ್ನೊಂದು. ಟರ್ಬೋ ಇಲ್ಲದ ಇಂಜಿನ್ನಿಗೆ ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ನಾಲ್ಕು ಭಾಗ, ಅನ್ನೋದು ಹಳೇ ಲೆಕ್ಕ. ಒಳ್ಳೇ ಬೂಸ್ಟ್ ಇರೋ ಇಂಜಿನ್ನಿಗೆ ಅದು ಆರರ ಹತ್ತಿರ ಹೋಗುತ್ತೆ. 86 ಮಿ.ಮೀ. ಬೋರಿಗೆ 0.34 ಮಿ.ಮೀ. ಇದ್ದದ್ದು 0.5 ದಾಟುತ್ತೆ. ಸಾಲದೇ ಹೋದ್ರೆ ಬಿಸಿಗೆ ರಿಂಗಿನ ಎರಡು ತುದಿ ಸೇರಿ, ಪಿಸ್ಟನ್ನಿನ ಅಂಚನ್ನೇ ಕಿತ್ತುಕೊಂಡು ಬರುತ್ತೆ. ಪಿಸ್ಟನ್ನು ಫೋರ್ಜ್ಡ್ ಆಗಿದ್ರೂ ಅಷ್ಟೇ!

ಬೇರಿಂಗು: ಕ್ರ್ಯಾಂಕು ಲೋಹದ ಮೇಲೆ ತಿರುಗಲ್ಲ, ಎಣ್ಣೆಯ ಪೊರೆ ಮೇಲೆ ತೇಲುತ್ತೆ. ಎರಡು ಇಂಚಿನ ಜರ್ನಲ್ಲಿಗೆ ಬಿಡೋ ಜಾಗ ಸುಮಾರು 0.05 ಮಿ.ಮೀ., ನಮ್ಮ ತಲೆಗೂದಲಿಗಿಂತ ತೆಳು. ಅದನ್ನ ಕಣ್ಣಂದಾಜಲ್ಲಿ ನೋಡ್ತೀನಿ ಅನ್ನೋನಿಗೆ ಕೈಮುಗಿದು ಬನ್ನಿ.

ಬೋಲ್ಟು: ರಾಡ್ ಬೋಲ್ಟು ಒಂಥರಾ ಸ್ಪ್ರಿಂಗು. ಬಿಗಿದಾಗ ಕೂದಲೆಳೆಯಷ್ಟು ಉದ್ದ ಆಗಿ, ಆ ಬಿಗಿತದಲ್ಲಿ ಎರಡು ತುಂಡನ್ನು ಹಿಡಿದಿರುತ್ತೆ. ಆ ಬಿಗಿತ ಮೇಲೆ ಹೇಳಿದ ಎಳೆತಕ್ಕಿಂತ ಜಾಸ್ತಿ ಇರಬೇಕು. ಕಡಿಮೆ ಆದ್ರೆ ಪ್ರತಿ ಸುತ್ತಿಗೂ ಕೀಲು ಬಾಯಿಬಿಟ್ಟು ಬೋಲ್ಟು ದಣಿದು ಮುರಿಯುತ್ತೆ. ಟಾರ್ಕ್ ರೆಂಚಿನ ಬಲದಲ್ಲಿ ಸುಮಾರು ತೊಂಬತ್ತು ಪಾಲು ಹೋಗೋದು ಬರೀ ಘರ್ಷಣೆಗೆ. ಒಣ ಬೋಲ್ಟಿಗೂ ಎಣ್ಣೆ ಹಚ್ಚಿದ್ದಕ್ಕೂ ಅದೇ ನಂಬರಿಗೆ ಸಿಗೋ ಬಿಗಿತ ಬೇರೆ ಬೇರೆ. ಅದಕ್ಕೇ ತಿಳಿದವರು ಸ್ಟ್ರೆಚ್ ಗೇಜ್ ಇಟ್ಟು ಬೋಲ್ಟು ಎಷ್ಟು ಉದ್ದ ಆಯ್ತು ಅಂತ ಅಳೀತಾರೆ.

ಮೇನ್ ಸ್ಟಡ್ಡು: ಹಳೇ ಬೋಲ್ಟ್ ತೆಗೆದು ಗಟ್ಟಿ ಸ್ಟಡ್ ಹಾಕಿದ್ರೆ ಬಿಗಿತ ಬದಲಾಗಿ ಬೇರಿಂಗ್ ಕೂರೋ ರಂಧ್ರದ ದುಂಡಗೇ ಕೆಡಬಹುದು. ಅದನ್ನ ಅಳೆದು, ಬೇಕಾದ್ರೆ ಲೈನ್ ಹೋನ್ ಮಾಡಿಸಬೇಕು. ಮಾಡಿಸದೇ ಇದ್ರೆ ದುಡ್ಡು ಕೊಟ್ಟು ಇಂಜಿನ್ನನ್ನ ಹಾಳು ಮಾಡಿಸಿಕೊಂಡ ಹಾಗೆ.

ಇಷ್ಟಾದ ಮೇಲೂ ಆಯಿಲ್ ಪಂಪು ಅಂತ ಒಂದಿದೆ. ನಿಸ್ಸಾನ್ ಸ್ಕೈಲೈನಿನ ಪ್ರಖ್ಯಾತ ಆರ್‌ಬಿ26 ಇಂಜಿನ್ನಿನಲ್ಲಿ, 1989ರಲ್ಲಿ ಬಂದ ಆರ್32 ಕಾಲದ ಮೊದಮೊದಲ ಕ್ರ್ಯಾಂಕುಗಳಲ್ಲಿ, ಪಂಪನ್ನು ತಿರುಗಿಸೋ ಜಾಗ ಕಿರಿದಾಗಿತ್ತು. ಹೆಚ್ಚು ಆರ್‌ಪಿಎಂನಲ್ಲಿ ಪಂಪಿನ ಗೇರು ಒಡೀತಿತ್ತು. ಪಂಪು ನಿಂತ ಮೇಲೆ ಲಕ್ಷಗಟ್ಟಲೆ ಬೆಲೆಯ ರಾಡು ಕ್ಷಣಮಾತ್ರದಲ್ಲಿ ಗುಜರಿ. ಅದಕ್ಕೇ ಅಲ್ಲಿ ಕ್ರ್ಯಾಂಕಿಗೆ ಅಗಲದ ಕಾಲರ್ ಹಾಕಿಸೋದು ರೂಢಿ ಆಯ್ತು. ಅಮೆರಿಕದ ಫೋರ್ಡ್ 302 ವಿ8 ಕತೆ ಇನ್ನೊಂದು. ಕ್ರ್ಯಾಂಕು, ರಾಡು, ಪಿಸ್ಟನ್ನು ಎಲ್ಲಾ ದುಬಾರಿದು ಹಾಕಿದ್ರೂ ಸುಮಾರು 500 ಅಶ್ವಶಕ್ತಿ ದಾಟಿದ ಮೇಲೆ ಹಳೇ ಬ್ಲಾಕೇ ಮಧ್ಯಕ್ಕೆ ಸೀಳಿಕೊಳ್ಳುತ್ತೆ. ಸರಪಳಿಯ ಒಂದು ಕೊಂಡಿ ಗಟ್ಟಿ ಮಾಡಿದ್ರೆ ಮುರಿಯೋ ಜಾಗ ಪಕ್ಕದ ಕೊಂಡಿಗೆ ಹೋಗುತ್ತೆ ಅಷ್ಟೆ. ಹಾಗಾಗಿ ಪೂರ್ತಿ ಸರಪಳಿ ನೋಡಿ ಆಮೇಲೆ ಕೈ ಹಾಕಬೇಕು.

ಬೆಂಗಳೂರಿನ ಜೆ.ಸಿ. ರೋಡ್ ಹಿಂದಿನ ಗಲ್ಲಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ಎಲ್ಲರಿಗೂ ಅವರು ಚಾಚಾ. ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗು ಅವರ ಕಸುಬು. ಶಿರಾಡಿಯ ಇಂಜಿನ್ನು ಬಿಚ್ಚಿ ಅಳೆದವರು ಅವರೇ. ಬೋರ್ ಗೇಜನ್ನ ಮಗುವಿನ ಹಾಗೆ ಬಟ್ಟೇಲಿ ಸುತ್ತಿ ಇಡ್ತಾರೆ. ಪ್ರತಿ ಸಿಲಿಂಡರನ್ನು ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ ಅಳೆದು ಒಂದು ಚೀಟೀಲಿ ಬರೆದು ಕೊಡ್ತಾರೆ. "ಗಿರಾಕಿಗಳು ಹೇಗಿದ್ದಾರೆ ಚಾಚಾ?" ಅಂದೆ. "ಟರ್ಬೋಗೆ ಲಕ್ಷ ಕೊಡ್ತಾರೆ ಸಾಮಿ, ಅಳತೆಗೆ ಎರಡು ಸಾವಿರ ಜಾಸ್ತಿ ಅಂದ್ರೆ ಚೌಕಾಸಿ ಮಾಡ್ತಾರೆ. ಸಂಜೆಗೇ ಬೇಕು ಅಂತಾರೆ" ಅಂದ್ರು. ಅವರ ಮಗ ಈ ಕೆಲಸಕ್ಕೆ ಬಂದಿಲ್ಲ. ಗಲ್ಲೀಲಿ ಇಂಥ ಅಂಗಡಿಗಳು ಒಂದೊಂದಾಗಿ ಮುಚ್ತಾ ಇವೆ. ನಾವು ಅಳತೆಗೆ ಬೆಲೆ ಕೊಡದೇ ಇದ್ರೆ ಅಳೆಯೋರು ಯಾಕೆ ಉಳೀತಾರೆ ಹೇಳಿ?

ಹಾಗಾದ್ರೆ ಏನು ಮಾಡಬೇಕು? ನನ್ನ ಪಟ್ಟಿ ಚಿಕ್ಕದು. ಮೊದಲು ಎಷ್ಟು ಟಾರ್ಕು, ಎಷ್ಟು ಆರ್‌ಪಿಎಂ ಅಂತ ಬರೆದಿಡಿ, ಆಮೇಲೆ ಆಸೆ ಬೆಳೆಸಬೇಡಿ. ಬಾಟಮ್ ಎಂಡ್ ಅದಕ್ಕೆ ತಕ್ಕ ಹಾಗೆ ಮಾಡಿಸಿ. ಮಾಡಿದವರ ಕೈಲಿ ಪಿಸ್ಟನ್ ಜಾಗ, ರಿಂಗ್ ಬಾಯಿ, ಬೇರಿಂಗ್ ಜಾಗ, ಬೋಲ್ಟ್ ಹಿಗ್ಗಿದ್ದು, ನಾಲ್ಕೂ ಅಳತೆ ಬರೆದ ಕಾಗದ ಕೇಳಿ ಪಡೀರಿ. ಕೊಡಲ್ಲ ಅಂದ್ರೆ ಅಳೆದಿಲ್ಲ ಅಂತಲೇ ಅರ್ಥ. ಟರ್ಬೋ ಕೊನೆಗೆ. ಓಡಿಸೋ ಚಪಲ ತೀರಿಸಿಕೊಳ್ಳೋಕೆ ಕೊಯಮತ್ತೂರಲ್ಲಿ, ಚೆನ್ನೈ ಹತ್ರ ಇರುಂಗಾಟುಕೋಟೈಯಲ್ಲಿ ಟ್ರ್ಯಾಕ್ ಇದೆ, ಅಲ್ಲಿಗೆ ಹೋಗಿ. ಇಷ್ಟಕ್ಕೆಲ್ಲ ದುಡ್ಡಿಲ್ಲ ಅಂದ್ರೆ ಕಂಪನಿ ಕೊಟ್ಟ ಹಾಗೇ ಇಟ್ಕೊಂಡು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿ, ಘಾಟಿಯಲ್ಲಿ ಗೇರ್ ಇಳಿಸಿ ಓಡಿಸಿ. ಅದರಲ್ಲಿ ಅವಮಾನ ಏನೂ ಇಲ್ಲ.

"ನಿಮಗೇನ್ರೀ, ಅವರ ದುಡ್ಡು, ಅವರ ಕಾರು" ಅಂತ ನೀವು ಕೇಳಬಹುದು. ಆ ಗೃಹಪ್ರವೇಶದ ದಿನ ನನ್ನ ಹೆಂಡತಿಯೂ ಇದನ್ನೇ ಕೇಳಿದ್ಲು. ಕಾರು ಅವರದೇ. ರಸ್ತೆ ಮೇಲೆ ಚೆಲ್ಲಿದ ಎಣ್ಣೆ ಮಾತ್ರ ಎಲ್ಲರದೂ. ಆ ಗಾರೆ ಕೆಲಸದವರಿಗೆ ಈಗಲೂ ಚಳಿಗಾಲದಲ್ಲಿ ಕರಣೆ ಹಿಡಿದ್ರೆ ಮುಂಗೈ ನೋಯುತ್ತಂತೆ. ಫೋನ್ ಮಾಡಿದಾಗೆಲ್ಲ ನಗ್ತಾನೇ ಹೇಳ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಗೆಳೆಯರ ಅಕ್ಕನ ಮಗನಿಗೆ ಚಾಚಾ ಅಂಗಡಿ ವಿಳಾಸ ಕೊಟ್ಟಿದ್ದೀನಿ. "ನೋಡ್ತೀನಿ ಅಂಕಲ್" ಅಂದಿದ್ದಾನೆ. ಈ ನಮ್ಮ ಹುಡುಗರ "ನೋಡ್ತೀನಿ"ಗೆ ಏನರ್ಥ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಬರೀತಾ ಇದ್ದೀನಿ. ನಿಮ್ಮ ಮನೇಲೂ ಅಂಥ ಒಬ್ಬ ಹುಡುಗ ಇದ್ರೆ, ಅವನು ಬಾನೆಟ್ ತೆಗೆದಾಗ ಒಂದು ಸಲ "ಕೆಳಗೇನು ಮಾಡಿಸಿದ್ದೀಯ?" ಅಂತ ಕೇಳಿ. ಏನಂದ ಅಂತ ಇಲ್ಲಿ ಬಂದು ಹೇಳಿ. ಬೈಯೋದಿದ್ರೂ ಧಾರಾಳವಾಗಿ ಬೈಯಿರಿ, ಉತ್ತರ ಕೊಡ್ತೀನಿ.